ಹದಿನೇಳನೆಯ ಎದೆ

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬೀದಿಯ ತುದಿಯಲ್ಲಿ ಕಲ್ಲು ಕೊಯ್ಯುವ ಯಂತ್ರ ಶುರುವಾಗುತ್ತದೆ. ನೀರು ಸುರಿಯುತ್ತ ಕೊಯ್ದರೆ ಅದರ ದನಿ ದಪ್ಪ, ನೆಗಡಿಯಾದವರು ಗುನುಗಿದ ಹಾಗೆ. ಒಣಗಲ್ಲನ್ನೇ ಕೊಯ್ದರೆ ಕೀರಲು. ಹಲ್ಲಿನ ಬೇರಿಗೆ ಹೋಗಿ ನಾಟುತ್ತದೆ. ಹದಿನಾಲ್ಕು ವರ್ಷದಿಂದ ಆ ಬೀದಿಯಲ್ಲಿರುವ ಡಾಕ್ಟರಮ್ಮನಿಗೆ ಹಲ್ಲುಜ್ಜುವಾಗಲೇ ತಿಳಿದುಬಿಡುತ್ತದೆ, ಇವತ್ತು ಕಲ್ಲಿನ ಅಂಗಳದಲ್ಲಿ ನೀರಿದೆಯೋ ಇಲ್ಲವೋ ಎಂದು.

ಆ ದಿನ ಕೀರಲು ಕೇಳಿಸಿತು. ಬ್ಯಾಗು ಹೆಗಲಿಗೇರಿಸಿ ನೇರ ಅಲ್ಲಿಗೇ ನಡೆದಳು.

“ಮೇಸ್ತ್ರಿ, ನೀರೆಲ್ಲಿ?”

“ಪೈಪು ಒಡೆದಿದೆ ಡಾಕ್ಟರಮ್ಮ. ಇವತ್ತೊಂದು ದಿನ ಕಣ್ಣು ಮುಚ್ಕೊಂಡುಬಿಡಿ. ನಿಮ್ಮ ಕಾಲೇಜಿನದ್ದೇ ಅರ್ಜೆಂಟು ಕೆಲಸ, ನಾಡಿದ್ದಿಗೆ ಬೇಕಂತೆ.”

ಮೇಸ್ತ್ರಿಯ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಧೂಳಿಗೆ ಬೆಳ್ಳಗಾಗಿತ್ತು. ಅವನ ಮುಂದೆ ನುಣುಪು ಮಾಡಿದ ಒಂದು ಕರಿಕಲ್ಲು. ಅದರ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದಿದ್ದರು. ಅವಳು ಧೂಳು ಒರೆಸಿ ಓದಿದಳು. ದೊಡ್ಡ ಮೇಷ್ಟ್ರ ಹೆಸರು. ಕೆಳಗೆ ‘ಸಭಾಂಗಣ’ ಎಂದಿತ್ತು.

“ಬಕೆಟಲ್ಲಾದ್ರೂ ನೀರು ಹಾಕಿ,” ಎಂದಳು. “ಈ ಹೆಸರಿಗೋಸ್ಕರ ನಿಮ್ಮ ಎದೆ ಯಾಕೆ ಸವೆಸ್ಕೋತೀರಿ?”

ನೀರು ಬಿದ್ದು ದನಿ ದಪ್ಪವಾಗುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಬಸ್ಸಿಗೆ ಹೋದಳು.

ದೊಡ್ಡ ಮೇಷ್ಟ್ರು ಎಂದರೆ ವೈದ್ಯ ಕಾಲೇಜಿನ ಶ್ವಾಸಕೋಶ ವಿಭಾಗವನ್ನು ಇಪ್ಪತ್ತೆರಡು ವರ್ಷ ಆಳಿದವರು. ನಿವೃತ್ತರಾಗಿ ಹದಿನಾಲ್ಕು ವರ್ಷವಾದರೂ ಕಾರಿಡಾರಿನಲ್ಲಿ ಈಗಲೂ ಅವರ ಹೆಸರು ಹೇಳಿದರೆ ದನಿ ತಗ್ಗುತ್ತದೆ. ಕಲ್ಲುಧೂಳಿನ ಕಾಯಿಲೆಯ ಮೇಲೆ ಅವರು ಬರೆದ ಪುಸ್ತಕ ಆರು ಮುದ್ರಣ ಕಂಡಿತ್ತು. ಏಳನೆಯದು ಬರುವ ಶುಕ್ರವಾರ ಬಿಡುಗಡೆ, ಅಂದೇ ಸಭಾಂಗಣಕ್ಕೆ ಅವರ ಹೆಸರು. ಸ್ವಾಗತ ಮಾಡಬೇಕಾದವಳು ಈಗಿನ ಮುಖ್ಯಸ್ಥೆ. ಅಂದರೆ ಇವಳೇ.

ಹಿಂದಿನ ವಾರ ಅವರೇ ಫೋನು ಮಾಡಿದ್ದರು. “ಮಗೂ, ಸ್ವಾಗತದ ಮಾತು ನೀನೇ ಆಡಬೇಕು. ಮುಖಪುಟಕ್ಕೆ ಆ ಎಕ್ಸ್-ರೇ ಚಿತ್ರವನ್ನೇ ಹಾಕಿಸಿದೀನಿ, ಗೊತ್ತಲ್ಲ, ನಂದು ಪ್ರಸಿದ್ಧವಾದದ್ದು. ಅದರ ಬಗ್ಗೆ ನಾಲ್ಕು ಮಾತು ಹೇಳು.”

“ಆಗಲಿ ಸರ್,” ಎಂದಳು. ಫೋನು ಇಟ್ಟವಳು ಕೋಣೆಯ ತುಂಬ ನಡೆದಾಡಿದಳು. ಹೆದರಿಕೆಗಲ್ಲ. ಇಪ್ಪತ್ತೇಳು ವರ್ಷ ಬಾಗಿಲ ಹಿಂದೆ ಕಾದು ನಿಂತವಳಿಗೆ ಹೆಜ್ಜೆ ಸಪ್ಪಳ ಕೇಳಿಸಿದರೆ ಹೇಗಾಗುತ್ತದೆಯೋ ಹಾಗೆ.

*

ಅವಳ ಅಪ್ಪ ಕಲ್ಲು ಕೆತ್ತುವವರು. ಮೆಟ್ಟಿಲು, ಹೊಸ್ತಿಲು, ಕಂಬದ ಪೀಠ, ಯಾವುದಕ್ಕೂ ಎರಡನೇ ಸಲ ಅಳತೆ ಹಿಡಿದವರಲ್ಲ. ಕೆಮ್ಮು ಶುರುವಾದಾಗ ಟಿಬಿ ಎಂದು ಮೂರು ಸಲ ಔಷಧಿ ಕೊಟ್ಟರು, ಮೂರು ಸಲವೂ ಗುಣವಾಗಲಿಲ್ಲ. ವೈದ್ಯ ಓದಿಗೆ ಸೇರಿದ್ದ ಮಗಳು ಅಪ್ಪನ ಎದೆಯ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ ದಿನವೇ ಮುಂದೆ ಏನಾಗಬೇಕೆಂದು ತೀರ್ಮಾನಿಸಿಬಿಟ್ಟಳು.

ಆ ಫಿಲ್ಮಿನಲ್ಲಿ ಇನ್ನೂ ಒಂದು ವಿಚಿತ್ರವಿತ್ತು. ಅಪ್ಪನ ಹೃದಯ ಬಲಗಡೆ ಇತ್ತು. ಹೃದಯ ಮಾತ್ರವಲ್ಲ, ಒಳಗಿನದೆಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲು. ಹುಟ್ಟಿನಿಂದ ಬಂದದ್ದು, ಅದರಿಂದ ತೊಂದರೆಯೇನೂ ಇಲ್ಲ. ಈ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ನೆಮ್ಮದಿಪಟ್ಟವಳು ಅಮ್ಮ.

“ಅಯ್ಯೋ, ಅದಕ್ಕಾ! ಮದುವೆ ಆದಾಗಿಂದ ಎಡಗಡೆ ತಲೆಯಿಟ್ಟು ಮಲಗಿದ್ರೂ ಏನೂ ಕೇಳಿಸ್ತಿರಲಿಲ್ಲ. ಈ ಮನುಷ್ಯನಿಗೆ ಹೃದಯವೇ ಇಲ್ಲ ಅಂದ್ಕೊಂಡು ಸಂಸಾರ ಮಾಡಿದೀನಿ ಕಣೇ.”

ಅಪ್ಪ ನಕ್ಕು ನಕ್ಕು ಕೆಮ್ಮಿದರು. ಆ ಕೆಮ್ಮು ನಿಲ್ಲುವುದಕ್ಕೆ ಅರ್ಧ ಗಂಟೆ ಬೇಕಾಯಿತು.

ಸ್ನಾತಕೋತ್ತರ ಪ್ರಬಂಧಕ್ಕೆ ಅವಳು ಕಲ್ಲು ಕೆಲಸದವರ ಎದೆಯನ್ನೇ ಆರಿಸಿಕೊಂಡಳು. ಮಾರ್ಗದರ್ಶಕರು ದೊಡ್ಡ ಮೇಷ್ಟ್ರು. ಎರಡು ವರ್ಷ ಅಂಗಳದಿಂದ ಅಂಗಳಕ್ಕೆ ಅಲೆದು, ಉಸಿರು ಅಳೆಯುವ ಕೊಳವೆ ಹಿಡಿದು “ಜೋರಾಗಿ ಊದಿ ಅಣ್ಣ, ಇನ್ನೂ ಜೋರಾಗಿ” ಎಂದು ಗೋಗರೆದು, ನೂರಾ ಹನ್ನೆರಡು ಜನರನ್ನು ಆಸ್ಪತ್ರೆಗೆ ಕರೆತಂದು ಫಿಲ್ಮ್ ತೆಗೆಸಿದಳು. ಪಟ್ಟಿಯಲ್ಲಿ ಹದಿನೇಳನೆಯವರು ಅಪ್ಪ. ಅದನ್ನು ಯಾರಿಗೂ ಹೇಳಲಿಲ್ಲ. ಸ್ವಂತ ಅಪ್ಪ ಎಂದರೆ ‘ನಿನ್ನ ಕಣ್ಣು ನೆಟ್ಟಗಿರಲ್ಲ’ ಎಂದು ತೆಗೆದುಹಾಕಿಯಾರು ಎಂಬ ಅಂಜಿಕೆ. ಹದಿನೇಳನೆಯವರ ಹೃದಯ ಬಲಕ್ಕಿದೆ ಎಂದು ಟಿಪ್ಪಣಿಯಲ್ಲಿ ಮಾತ್ರ ತಪ್ಪದೆ ಬರೆದಳು. ಆದರೆ ದೊಡ್ಡ ಮೇಷ್ಟ್ರು ಟಿಪ್ಪಣಿ ಓದುವವರಲ್ಲ. ಕೋಷ್ಟಕ ಸಿಕ್ಕಿದರೆ ಅವರಿಗೆ ಸಾಕು.

ಫಿಲ್ಮುಗಳನ್ನೂ ಹಾಳೆಗಳನ್ನೂ ತರಿಸಿಕೊಂಡು ಮೂರು ತಿಂಗಳು ಇಟ್ಟುಕೊಂಡರು. ಆಮೇಲೆ ಕರೆದು, “ತೀರಾ ತೆಳ್ಳಗಿದೆ ಮಗೂ. ಇದು ಪ್ರಬಂಧ ಆಗಲ್ಲ. ಬೇರೆ ವಿಷಯ ತಗೋ,” ಎಂದರು. ಒಂದು ವರ್ಷ ಹಾಳಾಯಿತು. ಮಕ್ಕಳ ದಮ್ಮಿನ ಮೇಲೆ ಏನೋ ಒಂದು ಬರೆದು ಪಾಸಾದಳು. ಹಿಂದಿರುಗಿದ ಹಾಳೆಗಳು ಪೂರ್ತಿ ಇದ್ದವು, ಫಿಲ್ಮುಗಳಲ್ಲಿ ಹದಿನೇಳನೆಯದರ ಒಂದು ಮೂಲೆ ಇರಲಿಲ್ಲ. ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದರು.

ಆ ಮೂಲೆಯನ್ನು ತಂದುಕೊಟ್ಟವನು ಎಕ್ಸ್-ರೇ ತೊಳೆಯುವ ಕತ್ತಲೆಕೋಣೆಯ ಅಣ್ಣ. “ದೊಡ್ಡೋರು ಕತ್ತರಿಸಿ ಬಿಸಾಕು ಅಂದ್ರು. ಫಿಲ್ಮ್ ಬಿಸಾಕಿ ನಂಗೆ ಅಭ್ಯಾಸ ಇಲ್ಲಮ್ಮ. ನಿಂದೇ ಅಲ್ವಾ, ಇಟ್ಕೋ.” ಹೆಬ್ಬೆರಳಿನಗಲದ ಚೂರು. ಅದರಲ್ಲಿ ಅಪ್ಪನ ಹೆಸರು, ಹದಿನೇಳು ಎಂಬ ಸಂಖ್ಯೆ, ಪಕ್ಕದಲ್ಲಿ ಎಕ್ಸ್-ರೇ ತೆಗೆಯುವಾಗ ಇಟ್ಟ ಸೀಸದ ಅಕ್ಷರದ ನೆರಳು: ‘ಎಡ’. ಯಾವ ಎದೆಯ ಫಿಲ್ಮಾದರೂ ಯಾವ ಕಡೆ ಯಾವುದೆಂದು ಹೇಳುವುದು ಆ ಗುರುತೊಂದೇ. ಹೆಸರು ಕಾಣಬಾರದೆಂದು ಕತ್ತರಿಸಿದ್ದರು. ಹೆಸರಿನ ಜೊತೆ ಗುರುತೂ ಹೋಗಿತ್ತು. ಯಾಕೆ ಕತ್ತರಿಸಿದರೆಂದು ಅವಳಿಗೆ ಆಗ ಹೊಳೆಯಲಿಲ್ಲ. ಚೂರನ್ನು ಅಪ್ಪನ ಹಳೆಯ ಕನ್ನಡಕದ ಡಬ್ಬಿಯಲ್ಲಿ ಹಾಕಿಟ್ಟಳು.

ಮರುವರ್ಷ ಪುಸ್ತಕ ಬಂತು. ನೂರಾ ಹನ್ನೆರಡು ಜನ, ಅವಳದೇ ಕೋಷ್ಟಕ, ಅವಳು ಮಾಡಿದ್ದ ಕೂಡಿಸುವ ತಪ್ಪಿನ ಸಮೇತ. ಕೊನೆಯ ಪುಟದ ಸಣ್ಣಕ್ಷರದಲ್ಲಿ ಅವಳ ಹೆಸರಿತ್ತು: ‘ಬೆರಳಚ್ಚಿನಲ್ಲಿ ನೆರವಾದವರು’. ನಡುವೆ ನುಣುಪು ಹಾಳೆಯಲ್ಲಿ ಒಂದೇ ಒಂದು ಎಕ್ಸ್-ರೇ. ‘ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಗಟ್ಟಿ ನೆರಳು. ಸುತ್ತಿಗೆ ಹಿಡಿದ ಬಲಭುಜ ಬಾಗುವುದರಿಂದ ಧೂಳು ಮೊದಲು ಬಲಕ್ಕೇ ಸೇರುತ್ತದೆ. ಈ ರೋಗಿಯನ್ನು ಲೇಖಕರು ಎಂಟು ವರ್ಷ ಖುದ್ದು ಪರೀಕ್ಷಿಸಿದ್ದಾರೆ’ ಎಂದು ಕೆಳಗೆ ಬರೆದಿತ್ತು.

ಮೈಯೆಲ್ಲ ಉರಿದು ಮನೆಗೆ ಬಂದಳು. ಚಿತ್ರವನ್ನು ಅಪ್ಪನ ಮುಂದೆ ಹಿಡಿದಳು. ಅದು ಯಾರದೆಂದು ಅವಳಿಗೆ ಗೊತ್ತಾಗಿರಲಿಲ್ಲ; ಹೃದಯ ಎಡಗಡೆ ಇತ್ತಲ್ಲ. ಅಪ್ಪ ದಿಂಬಿಗೊರಗಿ, ಎರಡು ಮಾತಿಗೊಮ್ಮೆ ನಿಂತು, ಹೇಳಿದರು:

“ಈ ಮುರಿದ ಪಕ್ಕೆಲುಬು ನಂದೇ. ಆದ್ರೆ ನಂಗೆ ಕಲ್ಲು ಬಿದ್ದಿದ್ದು ಈ ಕಡೆ.” ಎಡ ಪಕ್ಕೆ ಮುಟ್ಟಿ ತೋರಿಸಿದರು. “ನಿಮ್ಮ ಮೇಷ್ಟ್ರು ಅಚ್ಚು ತಿರುಗಿಸಿ ಇಟ್ಟಿದಾರೆ ಕಣಮ್ಮ. ಹೊಸಬರು ಅಕ್ಷರ ಕೆತ್ತೋವಾಗ ಹಿಂಗೇ ಮಾಡ್ತಾರೆ.”

ಅವಳು ಪುಟವನ್ನು ಕಿಟಕಿಯ ಗಾಜಿಗೆ ಒತ್ತಿ, ಹಿಂಬದಿಯಿಂದ ನೋಡಿದಳು. ಬೆಳಕಿನಲ್ಲಿ ಅಪ್ಪ ಮೂಡಿದರು. ಬಲಕ್ಕೆ ಹೃದಯ, ಎಡಕ್ಕೆ ಮುರಿದ ಪಕ್ಕೆಲುಬು, ಎಡಕ್ಕೇ ಆ ಗಟ್ಟಿ ನೆರಳು. ಗುರುತಿಲ್ಲದ ಫಿಲ್ಮಿನಲ್ಲಿ ಹೃದಯ ಬಲಕ್ಕೆ ಕಂಡದ್ದೇ, ‘ಓ, ತಿರುಗಿಸಿ ಹಿಡಿದಿದ್ದೇನೆ’ ಎಂದು ದೊಡ್ಡ ಮೇಷ್ಟ್ರು ಸರಿಮಾಡಿಕೊಂಡಿದ್ದರು. ಎದೆಯ ಡಾಕ್ಟರುಗಳು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ ಅದು. ಆಮೇಲೆ ಆ ತಪ್ಪಿನ ಮೇಲೆಯೇ ಒಂದು ಸಿದ್ಧಾಂತ ಕಟ್ಟಿದ್ದರು.

“ಧೂಳಿಗೆ ಎಡ ಬಲ ಗೊತ್ತಾ?” ಎಂದು ಅಪ್ಪ ಕೇಳಿದರು, ನಿಜವಾಗಿಯೂ ತಿಳಿಯಬೇಕೆಂಬಂತೆ.

ಮಾರನೆಯ ದಿನ ಪುಸ್ತಕ ಹಿಡಿದು ದೊಡ್ಡ ಮೇಷ್ಟ್ರ ಕೋಣೆಗೆ ಹೋದಳು. ಅವರು ನೆಟ್ಟಗೆ ಕೂರುವ ಗೋಜಿಗೂ ಹೋಗಲಿಲ್ಲ.

“ಶಿಷ್ಯರ ಕೆಲಸ ಅಂದ್ರೆ ಗುರುವಿನ ಕೆಲಸವೇ ಅಲ್ವಾ ಮಗೂ. ನಿನ್ನ ಹೆಸರೂ ಹಾಕಿದೀನಿ, ಹಿಂದೆ ನೋಡು.”

ಚಿತ್ರದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈಗ ಹೇಳಿದರೆ ಮುಂದಿನ ಮುದ್ರಣದಲ್ಲಿ ತಿದ್ದಿಬಿಡುತ್ತಾರೆ ಎನಿಸಿತು. ಒಂದು ಸಾಲಿನ ತಿದ್ದುಪಡಿ, ಅಷ್ಟೇ. ಅವಳು ತುಟಿ ಎರಡು ಮಾಡಲಿಲ್ಲ. ಅಚ್ಚಾಗಲಿ. ಇನ್ನೂ ಅಚ್ಚಾಗಲಿ.

ನಾಲ್ಕು ತಿಂಗಳಿಗೆ ಅಪ್ಪ ಹೋದರು.

*

ಮುಂದಿನದು ನಿಧಾನದ ಕಥೆ. ಗೋಪ್ಯ ವರದಿಯಲ್ಲಿ ‘ಕೈಕೆಳಗೆ ಕೆಲಸ ಮಾಡಲು ಒಗ್ಗದವಳು’ ಎಂದು ದೊಡ್ಡ ಮೇಷ್ಟ್ರು ಬರೆದ ಒಂದು ಸಾಲಿಗೆ ಒಂಬತ್ತು ವರ್ಷ ಊರಾಚೆಯ ಟಿಬಿ ಆಸ್ಪತ್ರೆಯಲ್ಲಿ ಕಳೆದಳು. ಸೂರು ಸೋರುವ ವಾರ್ಡು, ಉಗುಳಿನ ಡಬ್ಬಿಗಳ ಸಾಲು, ಒಂದೇ ಸೂಕ್ಷ್ಮದರ್ಶಕ. ಅಲ್ಲಿ ಕೂತೇ ಹನ್ನೊಂದು ಲೇಖನ ಬರೆದಳು. ಕಾಲೇಜಿಗೆ ಸಹಾಯಕ ಪ್ರಾಧ್ಯಾಪಕಿಯಾಗಿ ಮರಳಿದಾಗ ಅವಳಿಗಿಂತ ಆರು ವರ್ಷ ಚಿಕ್ಕವರು ಅವಳ ಮೇಲಧಿಕಾರಿಗಳಾಗಿದ್ದರು. ಯಾರ ಮೇಲೂ ರೇಗಲಿಲ್ಲ. ರೇಗುವುದಕ್ಕೆ ಒಬ್ಬರನ್ನೇ ಇಟ್ಟುಕೊಂಡಿದ್ದಳು, ಬೇರೆಯವರಿಗೆ ಹಂಚಿದರೆ ಕಡಿಮೆಯಾದೀತು. ದೊಡ್ಡ ಮೇಷ್ಟ್ರು ಎದುರಾದರೆ ನಮಸ್ಕಾರ ಮಾಡುತ್ತಿದ್ದಳು. ಅವರ ಪುಸ್ತಕದ ಹೊಸ ಮುದ್ರಣ ಬಂದಾಗಲೆಲ್ಲ ಮೊದಲ ಪ್ರತಿ ಕೊಳ್ಳುವವಳು ಅವಳೇ. ಅಂಗಡಿಯಲ್ಲೇ ನಿಂತು ಆ ಪುಟ ತೆರೆಯುವಳು. ಅಪ್ಪ ಇನ್ನೂ ತಿರುಗಿಯೇ ಇದ್ದಾರೆ ಎಂದು ಖಾತ್ರಿಯಾದ ಮೇಲೆ ಉಸಿರು ಬಿಡುವಳು.

ಅವಳ ಪಾಠದಲ್ಲಿ ಒಂದು ಪದ್ಧತಿ ಬೆಳೆಯಿತು. ಪ್ರತಿವರ್ಷ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೂಲೆಯಿಲ್ಲದ ಆ ಫಿಲ್ಮನ್ನೇ, ಪುಸ್ತಕದಲ್ಲಿದ್ದಂತೆ ತಿರುಗಿಸಿ, ಎಕ್ಸ್-ರೇ ನೋಡುವ ಲೈಟ್ ಬಾಕ್ಸಿಗೆ ಸಿಕ್ಕಿಸುತ್ತಿದ್ದಳು.

“ಕಾಯಿಲೆ ಯಾವ ಕಡೆ?”

“ಬಲಗಡೆ ಮೇಡಂ.”

“ಬಲ ಅಂತ ಹೇಗೆ ಗೊತ್ತು?”

“ಹೃದಯ ಎಡಗಡೆ ಇದೆಯಲ್ಲ ಮೇಡಂ.”

“ಗುರುತು ಎಲ್ಲಿ?”

ಮುಗಿಯಿತು. ಗುರುತು ಕೇಳದವರಿಗೆ ಅಂಕವಿಲ್ಲ. ಬೇಡಿಕೊಂಡರೂ ಇಲ್ಲ, ಅತ್ತರೂ ಇಲ್ಲ. ಹುಡುಗರು ಅವಳಿಗೆ ‘ಗುರುತಮ್ಮ’ ಎಂದು ಹೆಸರಿಟ್ಟರು. ಕ್ಯಾಂಟೀನಿನಲ್ಲಿ ಚಹಾ ತಂದಿಟ್ಟರೆ “ಸಕ್ಕರೆ ಹಾಕಿದೆ ಅಂತೀಯಲ್ಲ, ಗುರುತು ಎಲ್ಲಿ?” ಎಂದು ತಮಾಷೆ ಮಾಡುವರು. ಹದಿನೆಂಟು ವರ್ಷದಲ್ಲಿ ಆರುನೂರು ಜನ ಹೀಗೆ ತಯಾರಾದರು. ಯಾಕೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದವಳು ಅಮ್ಮ ಒಬ್ಬಳೇ. ಗುರುವಾರ ಸಂಜೆ ಇವಳು ಡಬ್ಬಿ ತೆಗೆದು ಚೂರನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಾಗ ಎದುರು ಬಂದು ಕೂತಳು.

“ಇನ್ನೂ ಎಷ್ಟು ಅಂತ ಹಲ್ಲು ಕಡೀತೀಯೇ? ಹಲ್ಲೇ ಸವೆದು ಹೋದೀತು.”

“ನಾಳೆಗೆ ಮುಗೀತಲ್ಲಮ್ಮ.”

“ಅವನು ಕದ್ದ, ಸರಿ. ನೀನು ಬಾಯಿ ಮುಚ್ಕೊಂಡಿದ್ದೆಯಲ್ಲ, ಆ ಸುಳ್ಳು ಓದಿ ಬೇರೆ ಊರಲ್ಲಿ ಎಷ್ಟು ಮಕ್ಕಳು ಡಾಕ್ಟರಾದ್ರೋ. ಅದು ಯಾರ ತಲೆಗೆ?”

ಅವಳ ಕೈ ನಿಂತಿತು. ಈ ಪ್ರಶ್ನೆ ಅವಳು ತನಗೆ ತಾನೇ ಕೇಳಿಕೊಂಡಿರಲಿಲ್ಲ ಎಂದಲ್ಲ. ಉತ್ತರ ಬರುವ ಮುಂಚೆ ಪ್ರತಿ ಸಲವೂ ಎದ್ದುಹೋಗುತ್ತಿದ್ದಳು.

“ಅರ್ಧ ನನ್ನ ತಲೆಗೇ,” ಎಂದಳು ಕೊನೆಗೆ.

ಅಮ್ಮ ಅವಳ ಕೈಯಿಂದ ಚೂರನ್ನು ತೆಗೆದು ಡಬ್ಬಿಯಲ್ಲಿಟ್ಟಳು. “ಹಂಗಾದ್ರೆ ಬಿಡಬೇಡ. ನಾನೂ ಬರ್ತೀನಿ. ನಂಗೆ ಮುಂದಿನ ಸಾಲಲ್ಲೇ ಕುರ್ಚಿ ಬೇಕು.”

*

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದೆ ಆಳೆತ್ತರದ ಬ್ಯಾನರಿನಲ್ಲಿ ಪುಸ್ತಕದ ಮುಖಪುಟ. ಅಪ್ಪನ ಎದೆ, ತಿರುಗಿ, ನೀಲಿ ಬಣ್ಣದಲ್ಲಿ. ಹೊರಗೆ ಬಾಗಿಲ ಪಕ್ಕ ಹೆಸರಿನ ಕಲ್ಲು ಗೋಡೆಯ ಗೂಡಿಗಿಂತ ಒಂದು ಬೆರಳು ಅಗಲವಾಗಿತ್ತೆಂದು ಕೆಲಸದವರು ಇನ್ನೂ ಅದರ ಸುತ್ತ ಅಳತೆ ಹಿಡಿಯುತ್ತಿದ್ದರು. ದೊಡ್ಡ ಮೇಷ್ಟ್ರು ಬೂದುಬಣ್ಣದ ಸೂಟಿನಲ್ಲಿ, ಎಪ್ಪತ್ತೆಂಟರಲ್ಲೂ ನೆಟ್ಟಗೆ, ಹೂಗುಚ್ಛವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಪ್ರಿನ್ಸಿಪಾಲರು ಅವಳ ಹೆಸರು ಕರೆದರು. ಅವಳು ಲೈಟ್ ಬಾಕ್ಸನ್ನು ಮೇಜಿನ ಮೇಲಿಡಿಸಿ, ಮೈಕಿನ ಮುಂದೆ ನಿಂತಳು.

“ನಂಗೆ ಭಾಷಣ ಬರಲ್ಲ. ಪಾಠ ಮಾಡಿ ಗೊತ್ತು. ಮಾಡ್ಲಾ?” ಬ್ಯಾನರಿನ ಕಡೆ ಕೈ ತೋರಿಸಿದಳು. “ಕಾಯಿಲೆ ಯಾವ ಕಡೆ?”

ಸಮಾರಂಭದಲ್ಲಿ ಉತ್ತರ ಕೊಡುವುದೋ ಬಿಡುವುದೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಹಿಂದಿನ ಸಾಲಿನಿಂದ ಒಂದು ದನಿ ಎದ್ದಿತು. ಅವಳ ಕೈಯಲ್ಲಿ ಎರಡು ಸಲ ಫೇಲಾಗಿ, ಈಗ ಸ್ವಂತ ಆಸ್ಪತ್ರೆ ನಡೆಸುವ ದಪ್ಪ ಡಾಕ್ಟರು.

“ಗುರುತು ಎಲ್ಲಿ ಮೇಡಂ?”

ಸಭೆ ಗೊಳ್ಳೆಂದು ನಕ್ಕಿತು. ನಗುವಿನ ನಡುವೆಯೇ ಮತ್ತೊಬ್ಬರು, ಮತ್ತೆ ಹತ್ತು ಜನ, ಆಮೇಲೆ ಅರ್ಧ ಸಭೆ: “ಗುರುತು ಎಲ್ಲಿ? ಗುರುತು ಎಲ್ಲಿ?”

ಅವಳು ದೊಡ್ಡ ಮೇಷ್ಟ್ರ ಕಡೆ ತಿರುಗಿದಳು. “ಸರ್, ಮಕ್ಕಳು ಕೇಳ್ತಿದಾರೆ.”

ಅವರೂ ನಗುತ್ತಿದ್ದರು. “ಹೃದಯ ಎಡಗಡೆ ಇದೆಯಲ್ಲಮ್ಮ. ಇನ್ನೇನು ಗುರುತು ಬೇಕು?”

“ಎಂಟು ವರ್ಷ ಖುದ್ದು ಪರೀಕ್ಷೆ ಮಾಡಿದೀನಿ ಅಂತ ಬರೆದಿದೀರಿ. ಈ ರೋಗಿಯ ಹೃದಯ ಯಾವ ಕಡೆ ಕೇಳಿಸ್ತಿತ್ತು ಸರ್?”

“ಎಡಗಡೆ. ಎಲ್ಲರಿಗೂ ಇರೋ ಕಡೆ.”

ಎದುರಿನ ಸಾಲಿನಲ್ಲಿ ಅಮ್ಮ ಕುರ್ಚಿಯ ಕೈ ಹಿಡಿದು ಎದ್ದಳು. ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು.

“ಎಡಗಡೆ ಏನೂ ಕೇಳಿಸ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಆ ಎದೆ ಮೇಲೆ ತಲೆ ಇಟ್ಟು ಮಲಗಿದೀನಿ ನಾನು. ಅವರು ನನ್ನ ಗಂಡ. ನೀವು ಯಾವಾಗ ಮುಟ್ಟಿ ನೋಡಿದ್ರಿ, ಸ್ವಲ್ಪ ಹೇಳಿ?”

ನಗು ನಿಂತಿತು. ಡಾಕ್ಟರಮ್ಮ ಹಳೆಯ ಫಿಲ್ಮನ್ನು ಲೈಟ್ ಬಾಕ್ಸಿಗೆ ಸಿಕ್ಕಿಸಿ, ಕನ್ನಡಕದ ಡಬ್ಬಿ ತೆರೆದು, ಚೂರನ್ನು ಮೂಲೆಗೆ ಇಟ್ಟಳು. ಕತ್ತರಿ ನಡೆದ ಗೆರೆಗೆ ಗೆರೆ ಕೂತುಕೊಂಡಿತು. ಹೆಸರು, ಹದಿನೇಳು, ಎಡ. ಬಲಗಡೆ ಹೃದಯ. ಎಡಗಡೆ ಮುರಿದ ಪಕ್ಕೆಲುಬು. ಮುಂದಿನ ಸಾಲಿನವರು ಎದ್ದು ಬಂದು ನೋಡಿದರು, ಅವರ ಹಿಂದೆ ಇನ್ನೊಂದು ಸಾಲು. ಅವಳು ನೂರಾ ಹನ್ನೆರಡು ಜನರ ಮೂಲಹಾಳೆಗಳ ಕಟ್ಟನ್ನೂ, ಕೂಡಿಸುವಾಗ ತಾನು ಮಾಡಿದ್ದ ತಪ್ಪಿಗೆ ಕೆಂಪು ಶಾಯಿಯ ಸುತ್ತು ಹಾಕಿ, ಪಕ್ಕದಲ್ಲಿಟ್ಟಳು. ಏನನ್ನೂ ವಿವರಿಸಲಿಲ್ಲ. ಅಲ್ಲಿದ್ದವರೆಲ್ಲ ಅವಳ ಕೈಯಲ್ಲಿ ನೋಡಲು ಕಲಿತವರು.

“ಇದನ್ನ ನಾನು ಇಪ್ಪತ್ತೇಳು ವರ್ಷದ ಹಿಂದೆಯೇ ಹೇಳಬೇಕಿತ್ತು,” ಎಂದಳು ಮೈಕಿನಲ್ಲಿ. “ಹೇಳಲಿಲ್ಲ. ಅದು ನನ್ನ ತಪ್ಪು, ಅದನ್ನೂ ಬರೆದುಕೊಳ್ಳಿ.”

ಪ್ರಿನ್ಸಿಪಾಲರು ಬೆವರು ಒರೆಸುತ್ತ ಅವಳ ಕಿವಿಯ ಹತ್ತಿರ ಬಂದರು. “ಅನಾವರಣ ಇನ್ನೊಂದು ದಿನ ಇಟ್ಕೊಳ್ಳೋಣ. ವಿಚಾರಣೆ ಅಂತ ಒಂದು ಆಗುತ್ತೆ. ನಿಮಗೇನು ಬೇಕು, ಈಗಲೇ ಹೇಳಿಬಿಡಿ.”

“ಆ ಚಿತ್ರ ನೆಟ್ಟಗೆ ಅಚ್ಚಾಗಬೇಕು. ಕೆಳಗೆ ನಮ್ಮಪ್ಪನ ಹೆಸರು, ಕಲ್ಲು ಕೆತ್ತುವವರು ಅಂತ. ಬೆರಳಚ್ಚು ಮಾಡಿದವರ ಜಾಗದಲ್ಲಿ ಈ ಸಾರಿ ಸರ್ ಹೆಸರು ಹಾಕಿ.”

*

ಸಭೆ ಚದುರಿದ ಮೇಲೆ ಕಾರಿಡಾರಿನ ಬೆಂಚಿನಲ್ಲಿ ದೊಡ್ಡ ಮೇಷ್ಟ್ರು ಒಬ್ಬರೇ ಕೂತಿದ್ದರು. ಹೂಗುಚ್ಛ ಪಕ್ಕದಲ್ಲಿತ್ತು. ಫಿಲ್ಮನ್ನು ಕಂಕುಳಲ್ಲಿಟ್ಟುಕೊಂಡು ಬಂದ ಅವಳನ್ನು ಕಂಡು ಕೈ ಎತ್ತಿದರು.

“ಆವತ್ತು ಕೋಣೆಗೆ ಬಂದಿದ್ದೆಯಲ್ಲ. ಒಂದು ಮಾತು ಹೇಳಿದ್ರೆ ತಿದ್ದಿಬಿಡ್ತಿದ್ದೆ.”

“ಅದಕ್ಕೇ ಹೇಳಲಿಲ್ಲ.”

ಮೊದಲ ಬಾರಿಗೆ ಅವರ ಉಸಿರು ಅವಳಿಗೆ ಕೇಳಿಸಿತು. ಸರಾಗವಾಗಿತ್ತು, ಧೂಳು ಕಾಣದ ಉಸಿರು.

“ನಿಮ್ಮಪ್ಪ ಅಂತ ನಂಗೆ ಗೊತ್ತಿರಲಿಲ್ಲ ಮಗೂ.”

“ಬೇರೆಯವರಪ್ಪ ಆಗಿದ್ರೆ?”

ಅವರು ಹೂಗುಚ್ಛವನ್ನು ಬೆಂಚಿನ ಆಚೆಗೆ ಸರಿಸಿದರು. ಬೇಡುವವರ ದನಿಯಲ್ಲಿ ಕೇಳಿದರು: “ನನಗಿನ್ನೇನು ಉಳಿದಿದೆ ಹೇಳು. ಇಷ್ಟಾದ ಮೇಲಾದ್ರೂ ನಿನ್ನ ಮನಸ್ಸಲ್ಲಿ ನನ್ನ ಮೇಲೆ...”

ಅವರಿಗೆ ಏನು ಬೇಕೆಂದು ಅವಳಿಗೆ ತಿಳಿಯಿತು. ಒಂದು ಮಾತು. ‘ಆಯ್ತು ಬಿಡಿ ಸರ್’ ಎಂದೋ, ಇಲ್ಲವೇ ಬಾಯಿತುಂಬ ಒಂದು ಶಾಪವೋ, ಯಾವುದಾದರೂ ಸರಿ, ಮನೆಗೆ ಒಯ್ಯಲು ಪೂರ್ತಿಯಾದ ಒಂದು ಮಾತು.

“ನೋಡಿ ಸರ್,” ಎಂದಳು. “ಇಷ್ಟು ವರ್ಷದಲ್ಲಿ ನಿಮ್ಮನ್ನ ನಾನು ಒಂದು ದಿನಾನೂ...”

ಹೊರಗೆ ಕೀರಲು ಎದ್ದಿತು. ಅನಾವರಣವಿಲ್ಲವೆಂದು ಕೆಲಸದವರಿಗೆ ಯಾರೂ ಹೇಳಿರಲಿಲ್ಲ. ಅವರು ಹೆಸರಿನ ಕಲ್ಲಿನ ಅಂಚನ್ನು ನೀರು ಹಾಕದೆ ಕೊಯ್ಯುತ್ತಿದ್ದರು. ಬಾಗಿಲಿನಿಂದ ಬಿಳಿ ಧೂಳು ಒಳಗೆ ತೇಲಿಬಂತು. ದೊಡ್ಡ ಮೇಷ್ಟ್ರು ತಲೆಯೆತ್ತಿ, ಮಾತಿನ ಉಳಿದರ್ಧಕ್ಕೆ ಕಾದು ಅವಳ ತುಟಿಯನ್ನೇ ನೋಡುತ್ತಿದ್ದರು.

ಅವಳು ಸೆರಗನ್ನು ಮೂಗಿಗೆ ಒತ್ತಿ, ಬೆಂಚು ದಾಟಿ, “ನೀರು ಹಾಕ್ರಪ್ಪಾ, ಮೊದ್ಲು ನೀರು ಹಾಕಿ,” ಎನ್ನುತ್ತ ಧೂಳಿನ ಕಡೆಗೆ ನಡೆದುಬಿಟ್ಟಳು.